ಯಂತ್ರದೊಳಗಿನ ಯಂತ್ರಕ್ಕೆ ಎಷ್ಟು ಬಾಗಿಲು?

ರೇಡಿಯೋ ನಮ್ಮ ಊರುಗಳಿಗೆ ಹೊಸದಾಗಿ ಬಂದಾಗ ಪೆಟ್ಟಿಗೆಯ ಹಿಂಬದಿಗೆ ಹೋಗಿ, ಹಾಡುವವರು ಎಲ್ಲಿ ಕುಳಿತಿದ್ದಾರೆಂದು ಇಣುಕಿ ನೋಡಿದ ಅಜ್ಜಂದಿರ ಕಥೆ ನಿಮ್ಮ ಮನೆಯಲ್ಲಿಯೂ ಒಂದು ಇರಬಹುದು. ಪೆಟ್ಟಿಗೆಯೊಳಗೆ ಯಾರೂ ಇಲ್ಲ, ಬರುವುದೆಲ್ಲ ಹೊರಗಿನಿಂದ ಎಂದು ಅವರಿಗೆ ತಿಳಿಸಿ ಹೇಳುವುದು ಸುಲಭವಾಗಿರಲಿಲ್ಲ. ನಾನು ಈಗ ಹೇಳಹೊರಟಿರುವುದು ಅದಕ್ಕೆ ತೀರ ವಿರುದ್ಧವಾದ ಸಂಗತಿ. ಇಲ್ಲಿ ಪೆಟ್ಟಿಗೆಯೊಳಗೆ ನಿಜವಾಗಿಯೂ ಇನ್ನೊಬ್ಬರಿದ್ದಾರೆ: ಒಂದು ಕಂಪ್ಯೂಟರಿನ ಒಳಗೆ ಇನ್ನೊಂದು ಇಡಿಯ ಕಂಪ್ಯೂಟರು. ಹಾಗೆ ಒಳಗೆ ಕುಳಿತದ್ದು ಹೊರಗಿನವರೊಡನೆ ಮಾತನಾಡುವುದು ಹೇಗೆ, ಅದಕ್ಕಾಗಿ ಯಾವ ಬಾಗಿಲನ್ನು ತೆರೆಯಬೇಕು, ಯಾವುದನ್ನು ಮುಚ್ಚಿಡಬೇಕು ಎಂಬುದೇ ಈ ಲೇಖನದ ವಿಷಯ.

ಇದೆಲ್ಲ ಪಂಡಿತರ ಮಾತು, ನಮಗೇಕೆ ಎನ್ನಬೇಡಿ. ಮಣಿಪಾಲದಲ್ಲಿಯೋ ನಿಟ್ಟೆಯಲ್ಲಿಯೋ ಕಂಪ್ಯೂಟರ್ ಶಾಸ್ತ್ರ ಓದುವ ಮಗನೋ ಮಗಳೋ ನಿಮಗಿದ್ದರೆ, ಅವರ ಕಂಪ್ಯೂಟರಿನೊಳಗೆ ಇಂಥ ಯಂತ್ರ ಒಂದಾದರೂ ಇದ್ದೀತು. ನನಗೆ ಇದರ ಪರಿಚಯವಾದದ್ದು ಮಾತ್ರ ಕಾಲೇಜಿನಿಂದಲ್ಲ. ಕಾರ್ಕಳದ ಒಂದು ಸಣ್ಣ ಮುದ್ರಣಾಲಯದಿಂದ.

ಆ ಪ್ರೆಸ್ಸಿನ ಯಜಮಾನರು ನನಗೆ ಬಹಳ ಕಾಲದಿಂದ ಪರಿಚಿತರು. ಮದುವೆಯ ಹೇಳಿಕೆ ಕಾಗದ, ದೇವಸ್ಥಾನದ ಬ್ರಹ್ಮಕಲಶೋತ್ಸವದ ಸ್ಮರಣಸಂಚಿಕೆ, ಯಕ್ಷಗಾನ ಪ್ರಸಂಗದ ಪುಸ್ತಕ — ಇವೇ ಅವರ ಅನ್ನ. ಪುಟಗಳನ್ನು ಜೋಡಿಸಲು ಅವರು ನೆಚ್ಚಿಕೊಂಡಿದ್ದುದು ಪೇಜ್‌ಮೇಕರ್ ಎಂಬ ತಂತ್ರಾಂಶವನ್ನು. ಅದರ ಕೊನೆಯ, ಅಂದರೆ ಏಳನೆಯ ಆವೃತ್ತಿ ಬಂದದ್ದು ೨೦೦೧ರಲ್ಲಿ. ಆಮೇಲೆ ಅದನ್ನು ಮುಂದುವರಿಸಿದವರಿಲ್ಲ. ಅವರ ಕನ್ನಡ ಅಕ್ಷರಗಳೂ ಯೂನಿಕೋಡ್ ಎಂಬ ಏಕರೂಪದ ವ್ಯವಸ್ಥೆ ಬಳಕೆಗೆ ಬರುವ ಮುಂಚಿನವು. ಹೊಸ ಕಂಪ್ಯೂಟರಿನಲ್ಲಿ ಆ ಕಡತಗಳನ್ನು ತೆರೆದರೆ ಒತ್ತಕ್ಷರ ಒಂದು ಕಡೆ, ಕೊಂಬು ಒಂದು ಕಡೆ. ಆದ್ದರಿಂದ ವಿಂಡೋಸ್ ಎಕ್ಸ್‌ಪಿ ಇದ್ದ ಹಳೆಯ ಕಂಪ್ಯೂಟರೊಂದನ್ನು ಅವರು ಮನೆಯ ಮುದಿ ದನದಂತೆ ಜೋಪಾನವಾಗಿ ಸಾಕಿಕೊಂಡಿದ್ದರು. ಒಂದು ಮಳೆಗಾಲದ ಸಿಡಿಲು ಅದನ್ನೂ ತೆಗೆದುಕೊಂಡುಹೋಯಿತು. ಪುಣ್ಯಕ್ಕೆ ಒಳಗಿನ ಡಿಸ್ಕ್ ಉಳಿದಿತ್ತು. ಇಪ್ಪತ್ತು ವರ್ಷಗಳ ದುಡಿಮೆ ಆ ಅಂಗೈಯಗಲದ ತಟ್ಟೆಯಲ್ಲಿ. ಅದನ್ನು ಓದಬಲ್ಲ ಯಂತ್ರವಿಲ್ಲ.

ಅವರ ಅಕ್ಕನ ಮಗ ಮಣಿಪಾಲದಲ್ಲಿ ಓದುತ್ತಿದ್ದ. ನಮ್ಮದು ಅಳಿಯಸಂತಾನದ ನಾಡು. ಮಾವನ ಆಸ್ತಿಗೆ ಅಳಿಯ ಬಂದು ನಿಲ್ಲುವುದು ಇಲ್ಲಿ ಹೊಸತಲ್ಲ. ಹುಡುಗ ಬಂದು ಆ ಡಿಸ್ಕನ್ನು ಹೊಸ ಕಂಪ್ಯೂಟರಿಗೆ ಜೋಡಿಸಿ, ಅದರಲ್ಲಿದ್ದುದನ್ನೆಲ್ಲ ಒಂದೇ ಒಂದು ದೊಡ್ಡ ಕಡತವಾಗಿ ನಕಲು ಮಾಡಿದ. ಎರಡು ರಾತ್ರಿ ನಿದ್ದೆಗೆಟ್ಟು, ಆ ಕಡತವನ್ನೇ ಡಿಸ್ಕ್ ಎಂದು ನಂಬಿ ನಡೆಯುವ ಒಂದು ಯಂತ್ರವನ್ನು ಹೊಸ ಕಂಪ್ಯೂಟರಿನೊಳಗೆ ನಿಲ್ಲಿಸಿದ. ತೆರೆಯ ಮೇಲೆ ಒಂದು ಚೌಕ ತೆರೆದು, ಅದರಲ್ಲಿ ಎಕ್ಸ್‌ಪಿಯ ಹಳೆಯ ಹಸಿರು ಗುಡ್ಡ ಕಾಣಿಸಿಕೊಂಡಾಗ ಯಜಮಾನರು ಕಣ್ಣೊರೆಸಿಕೊಂಡರಂತೆ. "ಸತ್ತವರನ್ನು ಎಬ್ಬಿಸಿದ ಮಾರಾಯ" ಎಂದು ನನಗೆ ಫೋನಿನಲ್ಲಿ ಹೇಳಿದರು.

ಇದೇ ವರ್ಚುವಲ್ ಮಷೀನ್. ನಿಜವಾದ ಸಲಕರಣೆಗಳ ಬದಲಿಗೆ ಒಂದು ತಂತ್ರಾಂಶವೇ ಡಿಸ್ಕು, ಸ್ಮೃತಿ, ಪರದೆ ಎಲ್ಲವೂ ಆಗಿ ನಟಿಸುತ್ತದೆ. ಒಳಗೆ ನಡೆಯುವ ಕಾರ್ಯವ್ಯವಸ್ಥೆಗೆ ತಾನೊಂದು ಸ್ವತಂತ್ರ ಕಂಪ್ಯೂಟರಿನಲ್ಲಿದ್ದೇನೆಂದೇ ಭಾವನೆ. ಕಲ್ಪನೆ ಹೊಸತಲ್ಲ. ಮಣಿಪಾಲದ ಇಂಜಿನಿಯರಿಂಗ್ ಕಾಲೇಜು ಆರಂಭವಾದದ್ದು ೧೯೫೭ರಲ್ಲಿ. ಅದಾಗಿ ಹತ್ತು ವರ್ಷಗಳೊಳಗೆ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಕೇಂಬ್ರಿಜ್‌ನಲ್ಲಿ ಐಬಿಎಂ ಸಂಸ್ಥೆಯವರು ಒಂದು ದೊಡ್ಡ ಯಂತ್ರವನ್ನು ಹಲವು ಯಂತ್ರಗಳಂತೆ ನಡೆಸಿ ತೋರಿಸಿದ್ದರು. ೧೯೭೨ರಲ್ಲಿ ಅದನ್ನು ಮಾರಾಟಕ್ಕೂ ತಂದರು. ನಮ್ಮ ಮೇಜಿನ ಮೇಲಿನ ಕಂಪ್ಯೂಟರಿಗೆ ಆ ವಿದ್ಯೆ ಬಂದದ್ದು ೧೯೯೯ರಲ್ಲಿ, ವಿಎಂವೇರ್ ಎಂಬ ಸಂಸ್ಥೆಯ ತಂತ್ರಾಂಶದ ಮೂಲಕ. ವಿದ್ಯಾರ್ಥಿಗಳು ಈಗ ಹೆಚ್ಚಾಗಿ ಬಳಸುವ ವರ್ಚುವಲ್‌ಬಾಕ್ಸ್ ೨೦೦೭ರಲ್ಲಿ ಬಂತು.

ಹೆಸರಿನ ವಿಚಾರವಾಗಿ ಒಂದು ಮಾತು. ಕೆಲವರು ಇದನ್ನು 'ಮಿಥ್ಯಾಯಂತ್ರ' ಎಂದು ಅನುವಾದಿಸುವುದುಂಟು. ಜಗತ್ತು ಸತ್ಯವೆಂದು ಸಾಧಿಸಿದ ಮಧ್ವಾಚಾರ್ಯರ ಉಡುಪಿಯಲ್ಲಿ ಆ ಮಾತು ಚಲಾವಣೆಗೆ ಬರುವುದು ಕಷ್ಟ! ವಾಸ್ತವವಾಗಿಯೂ ಅದು ಮಿಥ್ಯೆಯಲ್ಲ. ಅದರೊಳಗೆ ಜೋಡಿಸಿದ ಪುಟ ಕಾಗದದ ಮೇಲೆ ಅಚ್ಚಾಗುತ್ತದೆ, ಅದರೊಳಗೆ ಹೊಕ್ಕ ರೋಗ ನಿಜವಾದ ನಷ್ಟವನ್ನೇ ಮಾಡುತ್ತದೆ. ನಾನು ಇಲ್ಲಿ ಒಳಗಿನದನ್ನು 'ಒಳಯಂತ್ರ' ಎಂದೂ, ಅದಕ್ಕೆ ಆಶ್ರಯ ಕೊಟ್ಟ ನಿಜವಾದ ಕಂಪ್ಯೂಟರನ್ನು 'ಹೊರಯಂತ್ರ' ಎಂದೂ ಕರೆಯುತ್ತೇನೆ. ಬಲ್ಲವರು ಇವನ್ನೇ ಗೆಸ್ಟ್, ಹೋಸ್ಟ್ ಎನ್ನುತ್ತಾರೆ.

ಇನ್ನು ಜಾಲದ ಮಾತು. ಯಾವ ಯಂತ್ರವೇ ಆಗಲಿ ಜಾಲಕ್ಕೆ ಸೇರಬೇಕಾದರೆ ಅದಕ್ಕೆ ಎರಡು ಗುರುತು ಬೇಕು. ಒಂದು, ಜಾಲದ ಕಾರ್ಡಿಗೆ ಹುಟ್ಟಿನಿಂದ ಬಂದ ಗುರುತು. ಇದಕ್ಕೆ ಮ್ಯಾಕ್ ವಿಳಾಸವೆಂದು ಹೆಸರು. ಇನ್ನೊಂದು, ಅದು ಸದ್ಯ ಯಾವ ಜಾಲದಲ್ಲಿ ವಾಸವಾಗಿದೆ ಎಂದು ಹೇಳುವ ಐಪಿ ವಿಳಾಸ. ಮೊದಲನೆಯದು ಮನುಷ್ಯನ ಮಚ್ಚೆಯಂತೆ, ಎರಡನೆಯದು ಅವನ ಅಂಚೆಯ ವಿಳಾಸದಂತೆ.

ಒಳಯಂತ್ರಕ್ಕೆ ಕೈಯಲ್ಲಿ ಮುಟ್ಟಬಹುದಾದ ಕಾರ್ಡು ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಬರಲಿಲ್ಲ. ತಂತ್ರಾಂಶವೇ ಒಂದು ಕಾರ್ಡನ್ನು ನಟಿಸುತ್ತದೆ. ಅದಕ್ಕೊಂದು ಮಚ್ಚೆಯನ್ನೂ ಇಡುತ್ತದೆ. ವರ್ಚುವಲ್‌ಬಾಕ್ಸ್ ಇಟ್ಟ ಮಚ್ಚೆಗಳು ೦೮:೦೦:೨೭ ಎಂದು ಮೊದಲಾಗುತ್ತವೆ. ವಿಎಂವೇರಿನವು ಹಲವು ವೇಳೆ ೦೦:೫೦:೫೬ ಎಂದು. ಆ ಕಾರ್ಡಿನಿಂದ ಹೊರಟ ನಟನೆಯ ತಂತಿ, ಹೊರಯಂತ್ರದೊಳಗೇ ಇರುವ ನಟನೆಯ ಸ್ವಿಚ್ಚಿಗೆ ಹೋಗಿ ಸೇರುತ್ತದೆ. ನಿಜವಾದ ಸ್ವಿಚ್ಚೆಂದರೆ ಆಫೀಸುಗಳ ಮೂಲೆಯಲ್ಲಿ ಹಸಿರು ದೀಪ ಮಿಣುಕಿಸುತ್ತ ಹಲವು ತಂತಿಗಳನ್ನು ಕೂಡಿಸುವ ಪೆಟ್ಟಿಗೆ. ಯಾವ ಸಂದೇಶ ಯಾವ ತಂತಿಗೆ ಎಂದು ಮಚ್ಚೆ ನೋಡಿ ಕಳಿಸುವುದು ಅದರ ಕೆಲಸ. ಒಳಗಿನ ಸ್ವಿಚ್ಚು ಮಾಡುವುದೂ ಅಷ್ಟನ್ನೇ. ತಂತಿಯಲ್ಲಿ ವಿದ್ಯುತ್ತು ಹರಿಯುವ ಬದಲು ಸ್ಮೃತಿಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಅಕ್ಷರಗಳು ನಕಲಾಗುತ್ತವೆ, ಅಷ್ಟೆ. ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ: ಒಳಯಂತ್ರವನ್ನು ನಕಲು ಮಾಡಿ ಎರಡನ್ನೂ ಒಂದೇ ಜಾಲದಲ್ಲಿ ನಡೆಸುವವರು ಮಚ್ಚೆಯನ್ನು ಬದಲಿಸಲು ಮರೆತರೆ, ಒಂದೇ ಹೆಸರಿನ ಇಬ್ಬರು ಹುಡುಗರಿರುವ ತರಗತಿಯ ಹಾಜರಿಯಂತೆ ಆಗುತ್ತದೆ. ಕರೆದದ್ದು ಒಬ್ಬನನ್ನು, ಓಗೊಟ್ಟವನು ಇನ್ನೊಬ್ಬ.

ಐಪಿ ವಿಳಾಸವನ್ನು ತಿಳಿಯಲು ನಮ್ಮ ಅಂಚೆಯ ಪಿನ್ ಕೋಡನ್ನೇ ನೋಡೋಣ. ಉಡುಪಿಯದು ೫೭೬೧೦೧, ಮಣಿಪಾಲದ್ದು ೫೭೬೧೦೪. ಕಾರ್ಕಳದ್ದು ೫೭೪೧೦೪, ಕಾಪುವಿನದು ೫೭೪೧೦೬. ಕಾಪುವಿನಿಂದ ಉಡುಪಿಗೆ ಹೆದ್ದಾರಿಯಲ್ಲಿ ಬಸ್ಸು ಹತ್ತಿದರೆ ಅರ್ಧ ಗಂಟೆ ಸಾಕು. ಕಾರ್ಕಳಕ್ಕೆ ಹೋಗಬೇಕಾದರೆ ಅದರ ಎರಡರಷ್ಟಾದರೂ ಹೊತ್ತು ಬೇಕು. ಆದರೆ ಅಂಚೆಯ ಲೆಕ್ಕದಲ್ಲಿ ಕಾಪುವಿನ ಜೊತೆಗಾರ ಕಾರ್ಕಳವೇ ಹೊರತು ಉಡುಪಿಯಲ್ಲ. ಮೊದಲ ಮೂರು ಅಂಕಿ ಕಾಪುವನ್ನೂ ಕಾರ್ಕಳವನ್ನೂ ಒಂದು ಗುಂಪಿಗೆ ಹಾಕಿವೆ. ಪಿನ್ ಕೋಡ್ ಬಂದದ್ದು ೧೯೭೨ರಲ್ಲಿ, ಉಡುಪಿ ಜಿಲ್ಲೆಯಾದದ್ದು ೧೯೯೭ರಲ್ಲಿ. ಜಿಲ್ಲೆಯ ಗಡಿ ಬದಲಾದರೂ ಅಂಚೆಯ ಗುಂಪು ಬದಲಾಗಲಿಲ್ಲ. ಅಂಚೆಚೀಲವನ್ನು ವಿಂಗಡಿಸುವವನು ನೆಲದ ಮೇಲಿನ ದೂರವನ್ನು ಅಳೆಯುವುದಿಲ್ಲ, ಅಂಕಿಯನ್ನು ನೋಡುತ್ತಾನೆ.

ಜಾಲದ ವಿಳಾಸವೂ ಹೀಗೆಯೇ. ನಿಮ್ಮ ಮನೆಯ ಯಂತ್ರಗಳ ವಿಳಾಸ ೧೯೨.೧೬೮.೧.೫, ೧೯೨.೧೬೮.೧.೬ ಎಂದೇನೋ ಇದ್ದೀತು. ಸಾಧಾರಣವಾಗಿ ಮೊದಲ ಮೂರು ಅಂಕಿಗಳು ಗುಂಪಿನ ಹೆಸರು, ಕೊನೆಯದು ವ್ಯಕ್ತಿಯ ಹೆಸರು. ಒಂದೇ ಗುಂಪಿನವರು ನೇರವಾಗಿ ಮಾತನಾಡುತ್ತಾರೆ. ಬೇರೆ ಗುಂಪಿನವರ ಜೊತೆ ಮಾತು ನಡೆಯಬೇಕಾದರೆ ನಡುವೆ ಒಬ್ಬ ಮಧ್ಯಸ್ಥ ಬೇಕು. ಆದ್ದರಿಂದ ಒಳಯಂತ್ರ ಹೊರಯಂತ್ರದ ಹೊಟ್ಟೆಯಲ್ಲೇ ಇದೆ ಎಂಬ ಮಾತ್ರಕ್ಕೆ ಅವೆರಡೂ ನೆರೆಹೊರೆಯೆಂದು ತಿಳಿಯಬೇಡಿ. ಒಂದರೊಳಗೊಂದು ಇದ್ದೂ ಅವು ಕಾಪು–ಉಡುಪಿಗಳಂತೆ ಬೇರೆ ಬೇರೆ ಗುಂಪಿನಲ್ಲಿರಬಹುದು. ಬೇಕೆಂದರೆ ಒಂದೇ ಗುಂಪಿನಲ್ಲಿಯೂ ಇರಬಹುದು. ಯಾವುದು ಎಂಬುದನ್ನು ನಿರ್ಣಯಿಸುವುದು ಆ ಒಳಗಿನ ಸ್ವಿಚ್ಚಿಗೆ ನಾವು ಹಚ್ಚಿದ ಬಾಗಿಲು. ಅಂಥ ಬಾಗಿಲುಗಳಲ್ಲಿ ಮುಖ್ಯವಾದವು ಮೂರು.

ಮೊದಲನೆಯದು ನ್ಯಾಟ್. ಇದಕ್ಕೆ ಮಣಿಪಾಲದ ಬಾಡಿಗೆ ಮನೆಯೇ ಒಳ್ಳೆಯ ಉದಾಹರಣೆ. ಮಹಡಿಯ ಮೇಲೆ ನಾಲ್ಕು ಕೋಣೆ, ನಾಲ್ವರು ಹುಡುಗರು; ಕೆಳಗೆ ಮನೆಯ ಯಜಮಾನರು. ಹುಡುಗರು ಊರಿಗೆ ಬರೆದ ಕಾಗದವನ್ನೆಲ್ಲ ಯಜಮಾನರ ಕೈಗೇ ಕೊಡಬೇಕು. ಅವರು ಹುಡುಗನ ಕೋಣೆಯ ವಿಳಾಸವನ್ನು ಹೊಡೆದುಹಾಕಿ, ತಮ್ಮ ಮನೆಯ ವಿಳಾಸವನ್ನು ಬರೆದು, ಮೂಲೆಯಲ್ಲಿ ಒಂದು ಸಂಖ್ಯೆ ಹಾಕುತ್ತಾರೆ. ಆ ಸಂಖ್ಯೆ ಯಾವ ಕೋಣೆಯವನದೆಂದು ತಮ್ಮ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಉತ್ತರ ಬಂದಾಗ ಅದೇ ಸಂಖ್ಯೆ ನೋಡಿ ಆಯಾ ಕೋಣೆಗೆ ಮುಟ್ಟಿಸುತ್ತಾರೆ. ಅಂಚೆಯವನಿಗೆ ಮಹಡಿಯ ಮೇಲೆ ಯಾರಿದ್ದಾರೆ, ಎಷ್ಟು ಮಂದಿ ಎಂಬುದು ಗೊತ್ತೇ ಇರುವುದಿಲ್ಲ. ಗುರುತಿಲ್ಲದ ಕಾಗದವೊಂದು ತಾನಾಗಿ ಬಂದರೆ? ಪುಸ್ತಕದಲ್ಲಿ ಹೆಸರಿಲ್ಲ, ಅದು ಕಸದ ಬುಟ್ಟಿಗೆ.

ನ್ಯಾಟ್ ಬಾಗಿಲಿನಲ್ಲಿ ಹೊರಯಂತ್ರದ ತಂತ್ರಾಂಶ ಈ ಯಜಮಾನರ ಕೆಲಸ ಮಾಡುತ್ತದೆ. ಆ ಮೂಲೆಯ ಸಂಖ್ಯೆಗೆ ಪೋರ್ಟ್ ಎಂದು ಹೆಸರು. ವರ್ಚುವಲ್‌ಬಾಕ್ಸಿನಲ್ಲಿ ನೀವು ಏನನ್ನೂ ಬದಲಿಸದಿದ್ದರೆ ಸಿಗುವುದು ಇದೇ ಬಾಗಿಲು. ಒಳಯಂತ್ರಕ್ಕೆ ಸಿಗುವ ವಿಳಾಸ ಸಾಮಾನ್ಯವಾಗಿ ೧೦.೦.೨.೧೫. ವಿನೋದವೆಂದರೆ ಈ ವಿಳಾಸ ಎಲ್ಲರದ್ದೂ ಅದೇ. ಮಣಿಪಾಲದ ಒಂದು ಹಾಸ್ಟೆಲಿನ ನೂರು ಕೋಣೆಗಳಲ್ಲಿ ನೂರು ೧೦.೦.೨.೧೫ಗಳು ಏಕಕಾಲಕ್ಕೆ ಕೆಲಸ ಮಾಡುತ್ತಿರಬಹುದು, ಒಂದಕ್ಕೊಂದು ಡಿಕ್ಕಿಯಿಲ್ಲ. 'ಮಹಡಿಯ ಮೂರನೆಯ ಕೋಣೆ' ಎಂಬುದು ಊರಿನ ಎಷ್ಟೋ ಮನೆಗಳಲ್ಲಿ ಇದ್ದರೂ ಗೊಂದಲವಾಗುವುದಿಲ್ಲವಲ್ಲ. ಹತ್ತರಿಂದ ಮೊದಲಾಗುವ ವಿಳಾಸಗಳನ್ನೂ, ೧೯೨.೧೬೮ ಎಂದು ಮೊದಲಾಗುವವನ್ನೂ, ೧೭೨.೧೬ರಿಂದ ೧೭೨.೩೧ರವರೆಗಿನವನ್ನೂ ಹೀಗೆ ಮನೆಯೊಳಗಿನ ಬಳಕೆಗೆಂದೇ ಬಿಡತಕ್ಕದ್ದೆಂದು ೧೯೯೬ರಲ್ಲಿ ಜಾಲದ ಹಿರಿಯರು ಬರೆದಿಟ್ಟಿದ್ದಾರೆ. ಅವು ಸಾರ್ವಜನಿಕ ರಸ್ತೆಗೆ ಇಳಿಯುವಂತಿಲ್ಲ.

ಈ ಬಾಗಿಲಿನ ಗುಣವೂ ದೋಷವೂ ಒಂದೇ: ಒಳಗಿನವನು ಹೊರಗೆ ಮಾತನಾಡಬಹುದು, ಹೊರಗಿನವನು ತಾನಾಗಿ ಒಳಗಿನವನನ್ನು ಕರೆಯಲಾರ. ಕರೆಯಲೇಬೇಕಾದರೆ ಯಜಮಾನರಿಗೆ ಮುಂಗಡವಾಗಿ ಹೇಳಿಡಬೇಕು — "೮೦೮೦ ಎಂದು ಗುರುತು ಹಾಕಿದ ಕಾಗದ ಬಂದರೆ ನನಗೇ ಕೊಡಿ". ಇದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಎನ್ನುತ್ತಾರೆ. ವಿದ್ಯಾರ್ಥಿಗಳು ಮೊದಲಿಗೆ ಎಡವುವುದು ಇನ್ನೊಂದು ಕಡೆ. ಎರಡು ಒಳಯಂತ್ರಗಳನ್ನು ಮಾಡಿ, ಎರಡಕ್ಕೂ ಮಾಮೂಲಿನ ನ್ಯಾಟ್ ಕೊಟ್ಟು, ಒಂದರಿಂದ ಇನ್ನೊಂದನ್ನು ಕರೆಯುತ್ತಾರೆ, ಉತ್ತರವಿಲ್ಲ. ಇರುವುದಾದರೂ ಹೇಗೆ? ಎರಡೂ ೧೦.೦.೨.೧೫. ಆ ತಂತ್ರಾಂಶ ಪ್ರತಿಯೊಂದು ಒಳಯಂತ್ರಕ್ಕೂ ಒಂದೊಂದು ಪ್ರತ್ಯೇಕ ಬಾಡಿಗೆ ಮನೆಯನ್ನೇ ಕಟ್ಟಿಕೊಡುತ್ತದೆ. ಇಬ್ಬರೂ ಒಂದೇ ಮಹಡಿಯಲ್ಲಿರಬೇಕಾದರೆ 'ನ್ಯಾಟ್ ನೆಟ್‌ವರ್ಕ್' ಎಂಬ ಬೇರೆ ಏರ್ಪಾಡನ್ನು ಆರಿಸಬೇಕು. ನಮ್ಮ ಹುಡುಗ ಇದರಲ್ಲಿ ಒಂದು ಭಾನುವಾರವನ್ನೇ ಕಳೆದನಂತೆ.

ಎರಡನೆಯ ಬಾಗಿಲು ಬ್ರಿಡ್ಜ್, ಅಂದರೆ ಸೇತುವೆ. ಉಡುಪಿಯ ರಥಬೀದಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಮಠಗಳು ಒಂದರ ಬಾಗಿಲಿನಿಂದ ಇನ್ನೊಂದು ಹೊಕ್ಕುಬರುವುದಿಲ್ಲ. ಪ್ರತಿಯೊಂದಕ್ಕೂ ಬೀದಿಗೆ ತನ್ನದೇ ಹೆಬ್ಬಾಗಿಲು. ಬ್ರಿಡ್ಜ್ ಕೊಟ್ಟ ಒಳಯಂತ್ರವೂ ಹಾಗೆಯೇ ಬೀದಿಗೆ ಮುಖಮಾಡಿ ನಿಲ್ಲುತ್ತದೆ. ಮನೆಯ ರೌಟರಿನ ಕಣ್ಣಿಗೆ ಅದು ಅಂಗಡಿಯಿಂದ ತಂದು ಜೋಡಿಸಿದ ಇನ್ನೊಂದು ಕಂಪ್ಯೂಟರೇ. ಅದಕ್ಕೆ ವಿಳಾಸ ಕೊಡುವುದೂ ರೌಟರೇ.

ಆ ವಿಳಾಸ ಪಡೆಯುವ ಕ್ರಮ ಸ್ವಾರಸ್ಯವಾಗಿದೆ. ಹೊಸದಾಗಿ ಬಂದ ಯಂತ್ರಕ್ಕೆ ಯಾರ ಪರಿಚಯವೂ ಇಲ್ಲ. ಅದು ಜಾಲದಲ್ಲಿರುವ ಎಲ್ಲರಿಗೂ ಕೇಳುವಂತೆ "ನನಗೆ ವಿಳಾಸ ಕೊಡುವವರು ಯಾರಿದ್ದೀರಿ?" ಎಂದು ಕೂಗುತ್ತದೆ. ರೇಡಿಯೋ ಕೇಳುವವರಾದ ನಮಗೆ ಪ್ರಸಾರವೆಂಬ ಪದ ಚಿರಪರಿಚಿತ. ಜಾಲದ ಭಾಷೆಯಲ್ಲಿಯೂ ಇದರ ಹೆಸರು ಅದೇ. ೧೯೦೧ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭ ಇಂಥ ದೋಣಿಗೆ ಎಂದು ಬೆಳಕು ಬಿಡುವುದಿಲ್ಲ. ಕಡಲಲ್ಲಿ ಇದ್ದವರೆಲ್ಲರಿಗೂ ಕಾಣಲೆಂದು ಬಿಡುತ್ತದೆ. ಆದರೆ ಕಾಪುವಿನ ಬೆಳಕು ಕಾರ್ಕಳದ ಕಲ್ಲುಗುಡ್ಡಕ್ಕೆ ದಾರಿ ತೋರಿಸುವುದಿಲ್ಲ. ಜಾಲದ ಕೂಗೂ ತನ್ನ ಗುಂಪಿನ ಗಡಿಯನ್ನು ದಾಟುವುದಿಲ್ಲ. ಬ್ರಿಡ್ಜ್ ಹಾಕಿದಾಗ ಒಳಯಂತ್ರದ ಕೂಗು ಮನೆಯ ಇಡೀ ಜಾಲಕ್ಕೆ ಕೇಳುತ್ತದೆ. ಅಷ್ಟೇ ಅಲ್ಲ, ಆ ಜಾಲದಲ್ಲಿ ಯಾರು ಕೂಗಿದರೂ ಒಳಯಂತ್ರಕ್ಕೆ ಕೇಳುತ್ತದೆ. ಈ ಎರಡನೆಯ ಮಾತನ್ನು ನೆನಪಿನಲ್ಲಿಡಿ.

ವೈಫೈ ಮೂಲಕ ಬ್ರಿಡ್ಜ್ ಮಾಡುವವರಿಗೆ ಒಂದು ತೊಡಕು ಬರುವುದುಂಟು. ವೈಫೈ ಪೆಟ್ಟಿಗೆ ಒಳಗೆ ಬಿಟ್ಟದ್ದು ಹೊರಯಂತ್ರದ ಕಾರ್ಡಿನ ಮಚ್ಚೆಯನ್ನು ನೋಡಿ. ಅದರ ಹಿಂದಿನಿಂದ ಇನ್ನೊಂದು ಮಚ್ಚೆಯವನು ಇಣುಕಿದರೆ ಅದು ಒಪ್ಪುವುದಿಲ್ಲ. ಕೆಲವು ತಂತ್ರಾಂಶಗಳು ಒಳಯಂತ್ರದ ಸಂದೇಶಕ್ಕೆ ಹೊರಯಂತ್ರದ ಮಚ್ಚೆಯನ್ನೇ ಹಚ್ಚಿ ಕಳಿಸಿ ಇದನ್ನು ದಾಟುತ್ತವೆ. ಆದರೆ ಒಬ್ಬ ವಿದ್ಯಾರ್ಥಿಗೆ ಒಂದೇ ಯಂತ್ರವೆಂದು ದಾಖಲಿಸಿಕೊಳ್ಳುವ ಹಾಸ್ಟೆಲುಗಳಲ್ಲಿ ಇಂಥ ಉಪಾಯಗಳಿಗೆ ಕೈಹಾಕದೆ ನ್ಯಾಟಿನಲ್ಲಿಯೇ ಇರುವುದು ಲೇಸು.

ಈಗ ಪ್ರೆಸ್ಸಿನ ಕಥೆಗೆ ಬರೋಣ. ಹುಡುಗ ಒಳಯಂತ್ರಕ್ಕೆ ಬ್ರಿಡ್ಜ್ ಹಾಕಿ ಮಣಿಪಾಲಕ್ಕೆ ಹಿಂದಿರುಗಿದ್ದ. ಪ್ರಿಂಟರಿಗೆ ನೇರ ದಾರಿ, ಪಕ್ಕದ ಕೋಣೆಯ ಕಂಪ್ಯೂಟರಿನಿಂದ ಚಿತ್ರಗಳನ್ನು ಸರಾಗವಾಗಿ ತರಬಹುದು. ಮಾವನಿಗೆ ಅನುಕೂಲವಾಗಲಿ ಎಂಬುದೇ ಅವನ ಉದ್ದೇಶ. ಆದರೆ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಸಂಸ್ಥೆ ೨೦೧೪ರ ಏಪ್ರಿಲ್ ೮ರಂದೇ ಆರೈಕೆ ನಿಲ್ಲಿಸಿತ್ತು. ಅದರ ಬಾಗಿಲಿನ ಚಿಲಕ ಕಳಚಿದರೆ ಸರಿಮಾಡುವ ಆಚಾರಿ ಇಲ್ಲ. ೨೦೧೭ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಹುಳ ಜಗತ್ತಿನ ಅನೇಕ ದೇಶಗಳ ಆಸ್ಪತ್ರೆ, ಕಾರ್ಖಾನೆಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿದ್ದು ನಿಮಗೆ ನೆನಪಿರಬಹುದು. ಅದು ಯಾರೋ ಕ್ಲಿಕ್ ಮಾಡಲೆಂದು ಕಾಯುತ್ತಿರಲಿಲ್ಲ. ಅದೇ ಜಾಲದ ಪಕ್ಕದ ಯಂತ್ರದಲ್ಲಿ ತೆರೆದ ಬಾಗಿಲನ್ನು ಹುಡುಕಿಕೊಂಡು ತಾನೇ ಹೋಗುತ್ತಿತ್ತು. ಆಗ ಆರೈಕೆ ನಿಲ್ಲಿಸಿದ್ದ ಎಕ್ಸ್‌ಪಿಗೂ ಆ ಸಂಸ್ಥೆ ವಿಶೇಷವಾಗಿ ಒಂದು ತೇಪೆಯನ್ನು ಬಿಡುಗಡೆ ಮಾಡಬೇಕಾಯಿತು.

ಪ್ರೆಸ್ಸಿಗೆ ಬಂದದ್ದು ಅದೇ ಹುಳವೆಂದು ನಾನು ಹೇಳುವುದಿಲ್ಲ, ಆ ಜಾತಿಯದು. ಸ್ಮರಣಸಂಚಿಕೆಯ ಕರಡು ತಿದ್ದಲು ಬಂದ ಗಿರಾಕಿಯೊಬ್ಬರು ತಮ್ಮ ಲ್ಯಾಪ್‌ಟಾಪನ್ನು ಆಫೀಸಿನ ವೈಫೈಗೆ ಸೇರಿಸಿದರು. ಮರುದಿನ ಬೆಳಿಗ್ಗೆ ಹೊಸ ಕಂಪ್ಯೂಟರು ಚೆನ್ನಾಗಿಯೇ ಇತ್ತು, ಅದರ ಹೊಟ್ಟೆಯೊಳಗಿನ ಎಕ್ಸ್‌ಪಿ ಮಾತ್ರ ಒಂದು ಕಡತವನ್ನೂ ತೆರೆಯಲೊಲ್ಲದು. ಹೊರಯಂತ್ರಕ್ಕೆ ಹೊಸ ಚಿಲಕಗಳಿದ್ದವು. ಒಳಯಂತ್ರ ಆ ಚಿಲಕದ ಹಿಂದೆ ಇರಲೇ ಇಲ್ಲ, ತನ್ನದೇ ಹೆಬ್ಬಾಗಿಲಿನಲ್ಲಿ ಬೀದಿಗೆ ನಿಂತಿತ್ತು. "ಮನೆಯೊಳಗೆ ಕೂತವನಿಗೆ ಕಳ್ಳ ಹೇಗೆ ಸಿಕ್ಕಿದ ಮಾಷ್ಟ್ರೇ?" ಎಂದು ಯಜಮಾನರು ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ. ಒಳಗೆ ಇರುವುದು ಬೇರೆ, ರಕ್ಷಣೆಯಲ್ಲಿರುವುದು ಬೇರೆ.

ಅವರನ್ನು ಕಾಪಾಡಿದ್ದು ಒಳಯಂತ್ರದ ಇನ್ನೊಂದು ಗುಣ. ಅದರ ಡಿಸ್ಕೆಂದರೆ ಒಂದು ಕಡತ ತಾನೆ? ಹಿಂದಿನ ಭಾನುವಾರ ಊರಿಗೆ ಬಂದಿದ್ದ ಹುಡುಗ ಅದನ್ನು ಪೂರ್ತಿಯಾಗಿ ಇನ್ನೊಂದು ಡ್ರೈವಿಗೆ ನಕಲು ಮಾಡಿ, ತಂತಿ ಕಿತ್ತು, ಕಪಾಟಿನಲ್ಲಿಟ್ಟಿದ್ದ. ನಷ್ಟವಾದದ್ದು ನಾಲ್ಕು ದಿನದ ಕೆಲಸ. ಕರಡು ತಿದ್ದಿದ ಕಾಗದ ಇದ್ದುದರಿಂದ ಅದನ್ನೂ ಮತ್ತೆ ಕೂಡಿಸಿಕೊಂಡರು. ತಂತಿ ಕೀಳದೆ ಬಿಟ್ಟಿದ್ದರೆ ಏನಾಗುತ್ತಿತ್ತೋ ನಾನು ಬರೆಯಲಾರೆ.

ಆಮೇಲೆ ಹಾಕಿದ್ದು ಮೂರನೆಯ ಬಾಗಿಲು. ಹೋಸ್ಟ್-ಓನ್ಲಿ ಎಂದು ಅದರ ಹೆಸರು. ಮನೆಯ ಯಜಮಾನನಿಗೂ ಕೋಣೆಯವನಿಗೂ ನಡುವೆ ಮಾತ್ರ ಇರುವ ಒಳಬಾಗಿಲು ಇದು, ಬೀದಿಗೆ ತೆರೆಯುವುದಿಲ್ಲ. ವರ್ಚುವಲ್‌ಬಾಕ್ಸಿನಲ್ಲಿ ಈ ಗುಂಪಿನ ವಿಳಾಸಗಳು ರೂಢಿಯಲ್ಲಿ ೧೯೨.೧೬೮.೫೬ ಎಂದು ಮೊದಲಾಗುತ್ತವೆ, ಹೊರಯಂತ್ರ ಅಲ್ಲಿ ಒಂದನೆಯವನು. ಈಗ ಪ್ರೆಸ್ಸಿನಲ್ಲಿ ಪುಟ ಸಿದ್ಧವಾದ ಮೇಲೆ ಒಳಯಂತ್ರ ಅದನ್ನು ಪ್ರಿಂಟರಿಗೆ ಕಳಿಸುವುದಿಲ್ಲ. ಅಚ್ಚಿಗೆ ಸಿದ್ಧವಾದ ಕಡತವಾಗಿ ಹೊರಯಂತ್ರದ ಒಂದು ಫೋಲ್ಡರಿನಲ್ಲಿ ಇಡುತ್ತದೆ. ಮುಂದಿನದು ಹೊರಯಂತ್ರದ ಕೆಲಸ. ಚಿತ್ರ ಬೇಕಾದರೂ ಅದೇ ದಾರಿ. ಒಂದು ಹೆಜ್ಜೆ ಹೆಚ್ಚಾಯಿತೆಂದು ಯಜಮಾನರು ಮೊದಮೊದಲು ಗೊಣಗಿದರು.

ಇದೂ ಸಂಪೂರ್ಣ ಅಭಯವಲ್ಲವೆಂದು ಹೇಳಬೇಕು. ಹೊರಯಂತ್ರಕ್ಕೇ ರೋಗ ತಗಲಿದರೆ ಒಳಬಾಗಿಲಿನಿಂದ ಅದು ಒಳಗೂ ಹೋದೀತು. ಹೊರಯಂತ್ರದಲ್ಲಿ ಯಾರಾದರೂ 'ಅಂತರ್ಜಾಲವನ್ನು ಹಂಚಿಕೋ' ಎಂಬ ಗುಂಡಿ ಒತ್ತಿದರೆ ಮುಚ್ಚಿದ ಬಾಗಿಲು ಸದ್ದಿಲ್ಲದೆ ತೆರೆದುಕೊಂಡೀತು. ಹೊರಯಂತ್ರವನ್ನೂ ಬಿಟ್ಟು, ಒಳಯಂತ್ರಗಳು ತಮ್ಮತಮ್ಮಲ್ಲೇ ಮಾತನಾಡುವಂತೆ ಮಾಡುವ ನಾಲ್ಕನೆಯ ಏರ್ಪಾಡೊಂದು ಇದೆ. ರೋಗಗಳನ್ನೇ ಅಭ್ಯಾಸ ಮಾಡುವ ವಿದ್ಯಾರ್ಥಿಗಳಿಗೆ ಅದು ಬೇಕು, ಮನೆವಾರ್ತೆಗೆ ಬೇಡ.

ದೊಡ್ಡ ಸಂಸ್ಥೆಗಳಲ್ಲಿಯೂ ಇದೇ ವಿದ್ಯೆ, ಪ್ರಮಾಣ ಮಾತ್ರ ದೊಡ್ಡದು. ಅಲ್ಲಿ ಒಂದು ಹೊರಯಂತ್ರದಲ್ಲಿ ಹತ್ತಾರು ಒಳಯಂತ್ರಗಳು. ಒಂದೇ ತಂತಿಯಲ್ಲಿ ಎಲ್ಲರ ಸಂದೇಶ. ಕಲಬೆರಕೆಯಾಗದಿರಲೆಂದು ಪ್ರತಿಯೊಂದು ಗುಂಪಿನ ಸಂದೇಶಕ್ಕೂ ಒಂದು ಅಂಕಿಯ ಚೀಟಿ ಹಚ್ಚುತ್ತಾರೆ. ವಿಲ್ಯಾನ್ ಎಂಬ ಈ ಕ್ರಮದಲ್ಲಿ ೪೦೯೪ ಗುಂಪುಗಳನ್ನು ಮಾಡಬಹುದು. ನನಗೆ ಹೆಚ್ಚು ಬೆರಗು ತಂದದ್ದು ಇನ್ನೊಂದು. ನಡೆಯುತ್ತಿರುವ ಒಳಯಂತ್ರವನ್ನು ನಿಲ್ಲಿಸದೆಯೇ ಒಂದು ಹೊರಯಂತ್ರದಿಂದ ಇನ್ನೊಂದಕ್ಕೆ ಸಾಗಿಸುತ್ತಾರೆ, ವಿಳಾಸ ಬದಲಾಗುವುದಿಲ್ಲ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಪರ್ಯಾಯ ನಡೆದು ಪೂಜೆಯ ಹೊಣೆ ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ದೂರದಿಂದ ಬಂದ ಭಕ್ತನಿಗೆ ಕೃಷ್ಣಮಠದ ವಿಳಾಸ ಮಾತ್ರ ಮೊದಲಿನದೇ. ಅದರಂತೆ ಇದೂ. ಹೊಸ ಮನೆಗೆ ಬಂದೊಡನೆ ಒಳಯಂತ್ರದ ಪರವಾಗಿ "ಈ ಮಚ್ಚೆಯವನು ಇನ್ನು ಈ ತಂತಿಯ ತುದಿಯಲ್ಲಿದ್ದಾನೆ" ಎಂದು ಒಂದು ಕೂಗು ಹೊರಡುತ್ತದೆ. ಸ್ವಿಚ್ಚುಗಳು ಅದನ್ನು ಕೇಳಿ ತಮ್ಮ ಪುಸ್ತಕ ತಿದ್ದಿಕೊಳ್ಳುತ್ತವೆ.

ನಿಮ್ಮ ಮನೆಯ ಯಂತ್ರದೊಳಗಿನ ಯಂತ್ರ ಯಾವ ಬಾಗಿಲಿನಲ್ಲಿದೆ ಎಂದು ತಿಳಿಯಬೇಕೆ? ಅದು ವರ್ಚುವಲ್‌ಬಾಕ್ಸಿನಲ್ಲಿದ್ದರೆ ಮಗನನ್ನೋ ಮಗಳನ್ನೋ ಕರೆದು ಅದರ ಐಪಿ ವಿಳಾಸ ಓದಲು ಹೇಳಿ. ೧೦.೦.೨ ಎಂದು ಮೊದಲಾದರೆ ನ್ಯಾಟ್. ೧೯೨.೧೬೮.೫೬ ಎಂದಿದ್ದರೆ ಹೋಸ್ಟ್-ಓನ್ಲಿ. ನಿಮ್ಮ ಮೊಬೈಲಿಗೆ ಮನೆಯ ವೈಫೈ ಕೊಟ್ಟ ವಿಳಾಸದ ಗುಂಪಿನದೇ ಆಗಿದ್ದರೆ ಬ್ರಿಡ್ಜ್. ಹಾಗಿದ್ದಲ್ಲಿ ಆ ಒಳಯಂತ್ರ ಹಳೆಯ ಕಾರ್ಯವ್ಯವಸ್ಥೆಯದೇ ಎಂದು ಕೂಡಲೇ ಇನ್ನೊಂದು ಪ್ರಶ್ನೆ ಕೇಳಿ. ೧೬೯.೨೫೪ ಎಂದು ಮೊದಲಾದರೆ ಅದು ಕೂಗಿದ್ದಕ್ಕೆ ಯಾರೂ ಓಗೊಟ್ಟಿಲ್ಲ, ಗತ್ಯಂತರವಿಲ್ಲದೆ ತಾನೇ ಒಂದು ವಿಳಾಸ ಇಟ್ಟುಕೊಂಡಿದೆ ಎಂದರ್ಥ.

ಕಾರ್ಕಳದ ನಮ್ಮ ಯಜಮಾನರಿಗೆ ಈಗ ಇದರಲ್ಲಿ ಯಾರ ಸಹಾಯವೂ ಬೇಡ. ಮೊನ್ನೆ ಸಂಚಿಕೆಯ ಪ್ರತಿ ಕೊಡಲು ಬಂದವರು ಬಾಗಿಲಲ್ಲೇ ಚಪ್ಪಲಿ ಬಿಡುತ್ತ ಹೇಳಿದರು: "ನಮ್ಮದು ಐವತ್ತಾರೇ ಉಂಟು ಮಾ‌ಷ್ಟ್ರೇ, ಬೆಳಿಗ್ಗೆ ನೋಡಿಯೇ ಬಂದೆ."